ಹರಿಹರದ ಮೂವರು ನಿಂಗಪ್ಪರು

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಹರಿಹರದಲ್ಲಿ ಹೆಸರಾದ ನಿಂಗಪ್ಪರು ಮೂವರಿದ್ದರು. ಒಬ್ಬರು ಕೈಗುಣದ ಡಾಕ್ಟರು, ಒಬ್ಬರು ಕುಸ್ತಿಯ ಪೈಲ್ವಾನರು, ಇನ್ನೊಬ್ಬರು ನಾಟಕಗಳಲ್ಲಿ ರಾಜನ ಪಾರ್ಟು ಮಾಡುತ್ತಿದ್ದವರು. ದಾವಣಗೆರೆಯಿಂದ ಬೇಸಿಗೆ ರಜೆಗೆ ಅಜ್ಜಿಯ ಮನೆಗೆ ಹೋದಾಗ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ, ಮೂವರಲ್ಲಿ ಯಾರು ದೊಡ್ಡವರೆಂದು ಓಣಿಯ ಮಕ್ಕಳೆಲ್ಲ ಜಗಳವಾಡುತ್ತಿದ್ದೆವು.

ಆ ಬೇಸಿಗೆ ತಮ್ಮ ಮಂಜನಿಗೆ ಮೂರು ವರ್ಷ. ಬಂದಾಗಿನಿಂದ ಜ್ವರ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಅವನ ಹಣೆಗೆ ತಣ್ಣೀರು ಬಟ್ಟೆ ಹಾಕುತ್ತಿದ್ದಂತೆ ಕಣ್ಣು ಮೇಲಾಯಿತು, ಕೈಕಾಲು ಸೆಟೆದವು.

"ನಿಂಗಪ್ಪನ ಹತ್ರ ಒಯ್ಯೇ, ಓಡು!" ಎಂದು ಅಜ್ಜಿ ಚೀರಿದಳು.

ಅವ್ವ ಅವನನ್ನೆತ್ತಿಕೊಂಡು ಬರಿಗಾಲಲ್ಲಿ ಓಡಿದಳು. ಸೆರಗು ಹಿಡಿದು ಹಿಂದೆ ನಾನು. ಡಾಕ್ಟರು ಆಗಷ್ಟೇ ಮನೆ ಬದಲಿಸಿದ್ದರು, ಹೊಸ ಮನೆ ನಮಗೆ ಗೊತ್ತಿರಲಿಲ್ಲ. "ನಿಂಗಪ್ಪಾರ ಮನೆ ಎಲ್ಲೈತ್ರೀ?" ಎಂದು ಅವ್ವ ಕೇಳಿದಳು. ಡಾಕ್ಟರೆಂದು ಹೇಳುವಷ್ಟು ಉಸಿರೂ ಅವಳಲ್ಲಿರಲಿಲ್ಲ. ಬೀಡಿ ಅಂಗಡಿಯವನು ಎದುರಿನ ಬಾಗಿಲು ತೋರಿಸಿದ. ಬಡಿದರೆ, ಉಣ್ಣುತ್ತಿದ್ದ ಕೈಯಲ್ಲೇ ಹೊರಬಂದವರು ನಾಟಕದ ನಿಂಗಪ್ಪ.

"ಡಾಕ್ಟ್ರೇ, ನನ್ನ ಕೂಸು ನೋಡ್ರಿ!" ಎಂದಳು ಅವ್ವ, ಮುಖವನ್ನೂ ನೋಡದೆ.

"ಅಯ್ಯೋ ಯವ್ವಾ, ನಾನು ಡಾಕ್ಟ್ರಲ್ಲ, ನಾಟಕದವ. ಬಾ, ಅವರ ಮನೆ ತೋರಿಸ್ತೀನಿ."

ಕೂಸನ್ನು ಹೊತ್ತು ಅವ್ವನಿಗೆ ಇನ್ನು ಓಡಲಾಗುತ್ತಿರಲಿಲ್ಲ. ಅದನ್ನು ಕಂಡು ಅವರು ಗರಡಿ ಮನೆಯ ಮುಂದೆ ಕೂಗಿದರು: "ಏ ನಿಂಗಪ್ಪಾ, ಜಲ್ದಿ ಬಾರೋ!" ಮೈಗೆಲ್ಲ ಕೆಮ್ಮಣ್ಣು ಮೆತ್ತಿದ್ದ ಪೈಲ್ವಾನರು ಬಂದವರೇ ಮಂಜನನ್ನು ಎದೆಗಪ್ಪಿಕೊಂಡು ಓಡಿದರು.

ಡಾಕ್ಟರ ಮನೆಗೆ ಬೀಗ. "ಮದ್ವೆ ಅಂತ ನಂದಿಗುಡಿಗೆ ಹೋಗ್ಯಾರ್ರಿ," ಎಂದಳು ಪಕ್ಕದ ಮನೆಯಾಕೆ. ಅವ್ವ ಕಟ್ಟೆಗೆ ತಲೆ ಚಚ್ಚಿಕೊಂಡಳು.

"ಏಳು ತಂಗಿ, ಅಳಬ್ಯಾಡ. ಉಸ್ರು ಐತೆ," ಎಂದ ಪೈಲ್ವಾನರು ದಾವಣಗೆರೆ ರಸ್ತೆಗೆ ಅಡ್ಡ ನಿಂತು ಟೆಂಪೊ ನಿಲ್ಲಿಸಿದರು. ನಾಟಕದ ನಿಂಗಪ್ಪರೂ ನಮ್ಮ ಜೊತೆ ಹತ್ತಿದರು. ದಾರಿಯುದ್ದಕ್ಕೂ ಅವರ ತೊಡೆಯ ಮೇಲೆ ಮಂಜ ಮತ್ತೆ ಮತ್ತೆ ಸೆಟೆಯುತ್ತಿದ್ದ. ನಾನು ಅವನ ಪಾದ ಉಜ್ಜುತ್ತಲೇ ಇದ್ದೆ. ಎಷ್ಟು ಉಜ್ಜಿದರೂ ಬಿಸಿಯಾಗಲಿಲ್ಲ.

ಆಸ್ಪತ್ರೆಯಲ್ಲಿ ಮಿದುಳು ಜ್ವರ ಎಂದರು. ಸಂಜೆ ಸುದ್ದಿ ತಿಳಿದು ಡಾಕ್ಟರ್ ನಿಂಗಪ್ಪರು ಮದುವೆಯ ಬಟ್ಟೆಯಲ್ಲೇ ಓಡಿಬಂದರು. ಮೂವರು ನಿಂಗಪ್ಪರೂ ಒಂದೇ ಬೆಂಚಿನ ಮೇಲೆ ಕೂತಿದ್ದರು.

ಮಂಜ ಉಳಿದ. ಮನೆಗೆ ಕರೆತಂದ ದಿನ ಅವ್ವನ ಕೈಜಾರಿ ಹಿತ್ತಾಳೆ ಕೊಡ ಅವನ ಬೆನ್ನ ಹಿಂದೆಯೇ ಬಿತ್ತು. ಅವನು ತಿರುಗಿ ನೋಡಲಿಲ್ಲ.

ಆ ಮೂವರೂ ಈಗಿಲ್ಲ. ಮಂಜ ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾನೆ, ಕೈಸನ್ನೆಯಲ್ಲೇ ನನ್ನನ್ನು ಗೋಳುಹೊಯ್ದುಕೊಳ್ಳುತ್ತಾನೆ. ಆ ಬೇಸಿಗೆಗೆ ಮೊದಲು ಅವನು ಬಾಯ್ತುಂಬ "ಅಕ್ಕಾ" ಎನ್ನುತ್ತಿದ್ದ. ಆ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಈಗ ನನಗೂ ಕೇಳಿಸುವುದಿಲ್ಲ.