ಮುಚ್ಚಳದ ಮೊಬೈಲು

ನನ್ನ ಕವಳದ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿಗಳ ಜೊತೆ ಈಗ ಒಂದು ಮೊಬೈಲೂ ಸಂಸಾರ ಹೂಡಿದೆ ಎಂದರೆ ನೀವು ನಗುತ್ತೀರಿ. ನಗಿ, ನನಗೂ ನಗುವೇ. ಅದರ ಐದರ ಗುಂಡಿಯ ಮೇಲೆ ನನ್ನ ಹೆಬ್ಬೆರಳಿನ ಸುಣ್ಣ ಅಚ್ಚೊತ್ತಿ ಕೂತಿದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯಲು ಕಲಿತು ಇನ್ನೂ ತಿಂಗಳಾಗಿಲ್ಲ, ಆಗಲೇ ನೆಂಟರಿಷ್ಟರಿಗೆಲ್ಲ ದಿನಕ್ಕೆರಡು ಸಲ 'ಊಟ ಆತಾ' ಎಂದು ಕಳಿಸಿದ್ದಕ್ಕೆ, ಅರ್ಧದಷ್ಟು ಜನ ಉತ್ತರ ಕೊಡುವುದನ್ನೇ ಬಿಟ್ಟಿದ್ದಾರೆ.

ಈ ಮೊಬೈಲು ಮೊದಲು ನನ್ನ ಮೊಮ್ಮಗಳು ವಿನುತಾಳದು. ಅವಳು ಶಿರಾಲಿಯಿಂದ ಕುಮಟಾದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತೇನೆಂದು ಹಟ ಹಿಡಿದ ವರ್ಷ ಅದು. ಮಳೆಗಾಲದಲ್ಲಿ ಹೊನ್ನಾವರದಲ್ಲೆಲ್ಲಾದರೂ ಬಸ್ಸು ನಿಂತರೆ ಗತಿಯೇನು ಎಂದು ನನ್ನ ಮಗ ಗಣಪತಿಗೆ ಚಿಂತೆ.

"ಮೊಬೈಲ್ ಕೊಡಸ್ತೆ. ಆದ್ರೆ ಕ್ಯಾಮೆರಾ ಗೀಮೆರಾ ಬೇಡ. ಸಂಜೆ ಬಂದ ಕೂಡ್ಲೆ ನನ್ನ ಕೈಗೆ ಕೊಡೂದು, ನಾ ಎಲ್ಲ ತೆಗ್ದು ನೋಡೂದು," ಎಂದ.

"ಹಂಗಾದ್ರೆ ಮೊಬೈಲೇ ಬೇಡ," ಎಂದಳು ಹುಡುಗಿ.

"ಮೊಬೈಲ್ ಇಲ್ದೆ ಕುಮಟಾ ಇಲ್ಲ."

ಅವಳ ಕಣ್ಣು ತುಂಬಿತು. ಅವನು ನನ್ನ ಕಡೆ ತಿರುಗಿ, "ಆಯಿ, ನೀನೇ ಇವಳ ಜೊತಿಗೆ ಹೋಗು. ಸಾದಾದ್ದು, ಗಟ್ಟಿ ನೋಡಿ ತಕಾ," ಎಂದು ಆಫೀಸಿಗೆ ಹೊರಟ. ಕಾವಲಿಗೆ ಎಂಥವಳನ್ನು ಕಳಿಸುತ್ತಿದ್ದೇನೆಂದು ಪಾಪ, ಅವನಿಗೆ ತಿಳಿಯದು.

ಭಟ್ಕಳದ ಪೇಟೆಯಲ್ಲಿ, ದುಬೈ ಅತ್ತರು, ಗಡಿಯಾರಗಳ ನಡುವೆ ಕೂತಿದ್ದ ಅಂಗಡಿಯ ಸಾಹೇಬರು ಗಾಜಿನ ಮೇಲೆ ಹತ್ತಾರು ಮೊಬೈಲು ಹರಡಿದಾಗ ನನಗೆ ಬಳೆಯಂಗಡಿಗೆ ಬಂದಷ್ಟೇ ಸಂಭ್ರಮ! ತೆಂಗಿನಕಾಯಾದರೆ ಬಡಿದು ನೋಡಬಹುದು, ಮೀನಾದರೆ ಕಿವಿರು ಎತ್ತಬಹುದು. ಇದನ್ನು ಪರೀಕ್ಷಿಸುವುದು ಹೇಗೆ? ಸಂಚಿ ಬಿಚ್ಚಿ ಒಂದೊಂದನ್ನೇ ಒಳಗಿಳಿಸತೊಡಗಿದೆ.

"ಅಜ್ಜೀ, ಎಂತ ಮಾಡ್ತೆ! ಸುಣ್ಣ ಹತ್ತೂದು!" ಎಂದು ವಿನುತಾ ನಾಚಿ ಸತ್ತಳು.

ಸಾದಾ ಮೊಬೈಲಿಗೆ ಒಳಗಿದ್ದ ಅಡಕತ್ತರಿ ತಾಗಿದ್ದೇ ತಡ, ಗುಂಡಿಗಳೆಲ್ಲ ಕೀಂ ಕೀಂ ಎಂದು ಕೂಗಿಕೊಂಡವು. ಕೆಂಪು ಬಣ್ಣದ, ಮಡಚುವ ಇನ್ನೊಂದು ಮಾತ್ರ 'ಟಪ್' ಎಂದು ಬಾಯಿ ಮುಚ್ಚಿ, ಸುಣ್ಣದ ಡಬ್ಬಿಯ ಪಕ್ಕ ತಂಗಿಯಂತೆ ಮಲಗಿತು. ಅದಕ್ಕೆ ಕ್ಯಾಮೆರಾವೂ ಇರಲಿಲ್ಲ.

"ಅಮ್ಮಾ, ಸಾದಾ ಬೇಕು ಹೇಳಿದ್ರಲ್ಲ?" ಎಂದರು ಸಾಹೇಬರು.

"ಮುಚ್ಚಳ ಇಲ್ದ ಡಬ್ಬಿ ಯಾರ್ ತಕಂತ್ರು ಸಾಹೇಬ್ರೆ?"

ಕಡಿಮೆ ಬಿದ್ದ ಹಣ ಸಂಚಿಯ ಒಳಜೇಬಿನಿಂದ ಬಂತು. ಆದರೆ ಬಸ್ಸಿನಲ್ಲಿ ವಿನುತಾ ಮೆಲ್ಲಗೆ, "ಮುಚ್ಚಳ ಇದ್ರೂ ಅಪ್ಪ ತೆಗ್ದು ನೋಡೂದೇ ಅಲ್ವಾ ಅಜ್ಜಿ," ಎಂದಾಗ ನನ್ನ ಉತ್ಸಾಹ ಒಮ್ಮೆಲೇ ಇಳಿದುಹೋಯಿತು.

ಮಡಿಲಲ್ಲಿದ್ದ ಸಂಚಿಯನ್ನು ನೋಡಿದೆ. ನಾನು ಮದುವೆಯಾಗಿ ಬಂದ ಮನೆಯಲ್ಲಿ ಪೆಟ್ಟಿಗೆಯ ಕೀಲಿ ಮಾವನ ಹತ್ತಿರ, ಕಪಾಟಿನದು ಅತ್ತೆಯ ಹತ್ತಿರ; ನನ್ನದು ಎನ್ನಲು ಇದ್ದದ್ದು ಇಂಥದೇ ಒಂದು ಸಂಚಿ. ಒಬ್ಬರ ಸಂಚಿಗೆ ಇನ್ನೊಬ್ಬರು ಕೈ ಹಾಕುವ ರೂಢಿ ನಮ್ಮಲ್ಲಿಲ್ಲ. ಊರೇ ಹೆದರುತ್ತಿದ್ದ ನನ್ನ ಮಾವನೂ 'ಒಂದು ಕವಳ ಕೊಡು' ಎಂದು ಕೈಚಾಚಿ ಕಾಯುತ್ತಿದ್ದರೇ ಹೊರತು ದಾರ ಬಿಚ್ಚಿದವರಲ್ಲ. ಒಳಮಡಿಕೆಯಲ್ಲಿ ಧಾರೇಶ್ವರದ ಗೆಳತಿಯ ಕಾಗದಗಳಿರುತ್ತಿದ್ದವು. ಅವುಗಳಲ್ಲಿ ಅಂಥ ಗುಟ್ಟೇನೂ ಇರಲಿಲ್ಲ, ಅತ್ತೆಯಂದಿರ ಅಣಕ, ಒಂದಿಷ್ಟು ಅಳು, ಬಹಳಷ್ಟು ನಗು. ಆದರೂ ಯಾರಾದರೂ ಓದಿದ್ದರೆ, ಆ ಮನೆಯಲ್ಲಿ ನನಗೆ ನಿಲ್ಲಲು ಜಾಗವೇ ಉಳಿಯುತ್ತಿರಲಿಲ್ಲ ಅನಿಸುತ್ತದೆ.

ಸಂಜೆ ಗಣಪತಿ ಬಂದವನೇ ಮೊಬೈಲಿಗೆ ಕೈ ಚಾಚಿದ. ವಿನುತಾ ನನ್ನ ಮುಖ ನೋಡಿದಳು. ನಾನು ಅವನ ಅಂಗೈ ಮೇಲೆ ನನ್ನ ಸಂಚಿ ಇಟ್ಟೆ.

"ತಕಾ, ಮೊದ್ಲು ಇದ್ನ ಬಿಚ್ಚಿ ನೋಡು."

ಕೆಂಡ ಬಿದ್ದಂತೆ ಕೈ ಎಳೆದುಕೊಂಡ. "ಥೋ! ನಿನ್ನ ಸಂಚಿ ನಾ ಎಂತಕ್ಕೆ ನೋಡೂದು ಆಯಿ?"

"ಇಷ್ಟು ವರ್ಷ ಅದ್ರಲ್ಲಿ ಎಂತ ಇಟ್ಟಿದ್ದೆ, ಗೊತ್ತುಂಟಾ?"

"ಇಲ್ಲ."

"ಅದ್ಕೇ ನಾ ಕೆಟ್ಟು ಹೋದ್ನಾ?"

"ಸ್ವಲ್ಪ," ಎಂದುಬಿಟ್ಟ, ಪಾಪಿ!

ಮೊದಲು ನಕ್ಕವಳು ವಿನುತಾ. ಅವನು ಆ ಕೆಂಪು ಮೊಬೈಲಿಗೆ ಮತ್ತೆ ಕೈ ಚಾಚದೆ, "ನಾ ಫೋನ್ ಮಾಡ್ದಾಗ ಎತ್ಬೇಕು, ಆತಾ?" ಎಂದ.

"ಆತು ಅಪ್ಪಾ," ಎಂದಳು. ಮರುವಾರ ಕುಮಟಾದ ಬಸ್ಸು ಹತ್ತಿದಳು.

ಈಗ ಅವಳಿಗೆ ಹೊಸ ಮೊಬೈಲು ಬಂದಿದೆ. ಕೆಂಪಿನದು ನನಗೆ ಇಳಿದಿದೆ. ನಿನ್ನೆ ನಾನು ಅಂಗಳದಲ್ಲಿ ಹಪ್ಪಳ ಹರಡುತ್ತಿದ್ದಾಗ ಅವಳು ಇಡೀ ಸಂಚಿಯನ್ನೇ, ದಾರವನ್ನೂ ಸಡಿಲಿಸದೆ, ಎರಡೂ ಕೈಯಲ್ಲಿ ಹಿಡಿದು ತಂದಳು.

"ಅಜ್ಜಿ, ನಿನ್ನ ಸಂಚಿ ಕೂಗ್ತಾ ಇತ್ತು."

ಬಂದಿದ್ದ ಮೆಸೇಜನ್ನು ನಾನು ಓದಿ ಮುಗಿಸುವವರೆಗೆ ಅವಳು ಹಪ್ಪಳ ಕಾಯುವವಳಂತೆ ಅತ್ತ ಮುಖ ಮಾಡಿ ನಿಂತಿದ್ದಳು. ಓದಿ ನಾನೊಬ್ಬಳೇ ನಕ್ಕೆ. ಯಾರದೆಂದು ಕೇಳಲು ಅವಳ ತುಟಿ ತುಡಿಯುತ್ತಿತ್ತು, ಆದರೂ ಕೇಳಲಿಲ್ಲ, ಜಾಣೆ! 'ಟಪ್' ಎಂದು ಮುಚ್ಚಿ ಸಂಚಿಗೆ ಹಾಕಿ, ದಾರ ಬಿಗಿದೆ. ಯಾರದೆಂದು ನಿಮಗೂ ಹೇಳುವುದಿಲ್ಲ.