ಬಲ ಬಾಜೂಕ ಯಾಕೆ ಹೋಗುವುದಿಲ್ಲ

ದೇವದುರ್ಗದ ಪದವಿ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ, ಮನೆ ರಾಯಚೂರಿನಲ್ಲಿ. ಎರಡು ವಿದ್ಯುದಾವೇಶಗಳ ನಡುವಿನ ಬಲದ ಸೂತ್ರವನ್ನು ವರ್ಷವರ್ಷವೂ ಬರೆಸಿ ಬರೆಸಿ ಬೇಸತ್ತಿದ್ದೆ. ಹೋದ ವರ್ಷ, ಸೂತ್ರಕ್ಕೆ ಮೊದಲು ಆ ಬಲದ ದಿಕ್ಕನ್ನಾದರೂ ಮಕ್ಕಳೇ ಯೋಚಿಸಿ ಹೇಳಲಿ ಅಂದುಕೊಂಡೆ.

ಹಲಗೆಯ ಮೇಲೆ ಎರಡು ಚುಕ್ಕೆ ಇಟ್ಟೆ. "ಇವು ಎರಡು ಆವೇಶ. ಸುಮ್ಮನ ನಿಂತಾವ. ಸುತ್ತಮುತ್ತ ಬ್ಯಾರೆ ಏನೂ ಇಲ್ಲ. ಒಂದರಿಂದ ಇನ್ನೊಂದರ ಮ್ಯಾಲಿನ ಬಲ ಯಾವ ಕಡಿ ಇರ್ತದ?"

ಮಾನ್ವಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದಳು.

"ಎರಡನ್ನೂ ಕೂಡ್ಸೋ ಗೆರಿ ಮ್ಯಾಲೇ ಇರಬೇಕ್ರಿ ಮೇಡಂ. ಬಾಜೂಕ ಹೋಗ್ಬೇಕಂದ್ರ ಎಡಕ್ಕೋ ಬಲಕ್ಕೋ? ಎಲ್ಲಾ ಬಾಜೂನೂ ಒಂದೇ ಥರ ಅದಾವಲ್ರಿ."

ಹೀಗೆ ಎಲ್ಲ ಕಡೆಯೂ ಒಂದೇ ಥರ ಇರುವುದಕ್ಕೆ ಸಮ್ಮಿತಿ ಎನ್ನುತ್ತಾರೆ, ಆ ಪದವನ್ನು ನಾನಿನ್ನೂ ಹೇಳಿರಲಿಲ್ಲ. ಹುರುಪಿನಿಂದ ಮುಂದುವರಿಸಿದೆ. ಬಲಗಳು ಅಡ್ಡಕ್ಕೆ ತಿರುಗಿದರೆ ಜೋಡಿ ತಾನಾಗಿಯೇ ಗಿರಗಿರ ಸುತ್ತತೊಡಗುತ್ತದೆ. ಹೊರಗಿನಿಂದ ಯಾರೂ ತಳ್ಳದೆ, ತಿರುಗಿಸದೆ ಇಡೀ ಜೋಡಿಗೆ ಓಟವಾಗಲಿ ಸುತ್ತಾಗಲಿ ಹುಟ್ಟಕೂಡದು, ಅದು ಸಂರಕ್ಷಣಾ ನಿಯಮ.

ಮರುದಿನ ಅವಳೇ ಕೇಳಿದಳು. "ಆವೇಶ ಓಡಾಕತ್ತಿದ್ರ ಹೆಂಗ್ರಿ?"

ಓಡುವಾಗ ಓಟಕ್ಕೂ ಒಂದು ದಿಕ್ಕಿರುತ್ತದೆ, ಎರಡನ್ನೂ ಕೂಡಿಸುವ ಗೆರೆಯೊಂದೇ ದಿಕ್ಕಾಗಿ ಉಳಿಯುವುದಿಲ್ಲ. ಲೆಕ್ಕ ಹಾಕಿ ತೋರಿಸಿದೆ: ಎರಡರ ಮೇಲಿನ ಬಲಗಳು ಸಮನಾಗಿ ಎದುರುಬದುರಾಗಿ ಬರಲಿಲ್ಲ.

"ಹಂಗಾದ್ರ ನಿನ್ನೆ ಹೇಳಿದ್ದು ಸುಳ್ಳೇನ್ರಿ?"

ಸುಳ್ಳಲ್ಲ, ಆವೇಶಗಳ ಸುತ್ತಲಿನ ಕ್ಷೇತ್ರವೂ ಓಟದ ಒಂದು ಪಾಲನ್ನು, ಅಂದರೆ ಸಂವೇಗವನ್ನು, ಹೊತ್ತಿರುತ್ತದೆ, ಅದನ್ನೂ ಕೂಡಿಸಿದರೆ ನಿಯಮ ಉಳಿಯುತ್ತದೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಬಾಗಿಲಲ್ಲಿ ನಿಂತಿದ್ದರು.

"ಪೋರ್ಷನ್ ಹಿಂದ ಬಿದ್ದದ್ರಿ ಮೇಡಂ. ಇದೆಲ್ಲ ಬ್ಯಾಡ, ಸೂತ್ರ ಬರೆಸಿ ಮುಂದ ಹೋಗ್ರಿ."

ನನ್ನ ಕೈ ತಾನಾಗಿಯೇ ಹಲಗೆ ಒರೆಸಿತು. ಸಿಟ್ಟು ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಕಿರುಪರೀಕ್ಷೆಯಲ್ಲಿ ಬಲದ ನಿಯಮವನ್ನು ವಿವರಿಸಿ ಎಂಬ ಪ್ರಶ್ನೆ ಬಂತು. ಎಲ್ಲರೂ ಸೂತ್ರ ಬರೆದರು. ಅವಳೊಬ್ಬಳು ದಿಕ್ಕಿಗೆ ಕಾರಣ ಬರೆಯುತ್ತ ಕೂತು ಸೂತ್ರವನ್ನೇ ಬಿಟ್ಟಿದ್ದಳು. ಉತ್ತರ ತಿದ್ದಿದ ಸಹೋದ್ಯೋಗಿ ಸೊನ್ನೆ ಹಾಕಿದ್ದರು. ಸ್ಟಾಫ್ ರೂಮಿನಲ್ಲಿ ಅವರೊಂದಿಗೆ ಜಗಳಕ್ಕೇ ನಿಂತೆ.

"ಕೀ ಆನ್ಸರ್ ಒಳಗ ಇಲ್ಲದ್ದಕ್ಕ ನಾ ಹೆಂಗ ಮಾರ್ಕ್ಸ್ ಕೊಡ್ಲಿ, ನೀವೇ ಹೇಳ್ರಿ" ಅಂದರು. ನನ್ನ ಕಾಟ ತಪ್ಪಿದರೆ ಸಾಕೆಂಬಂತೆ ಅರ್ಧ ಅಂಕ ಕೊಟ್ಟರು.

ಉತ್ತರಪತ್ರಿಕೆ ಹಿಂದಿರುಗಿಸುವಾಗ ಅವಳಿಗೆ, "ನೀ ಬರೆದದ್ದು ಸರಿ ಅದ" ಅಂದೆ.

"ಇರ್ಲಿ ಬಿಡ್ರಿ ಮೇಡಂ. ಮುಂದ ಸೂತ್ರಾನೇ ಬರೀತೀನ್ರಿ."

ಬರೆಯಬೇಡ ಎನ್ನಲು ಆಗಲಿಲ್ಲ, ಅವಳು ಪಾಸಾಗಬೇಕಿತ್ತು. ಆಮೇಲೆ ವರ್ಷ ಮುಗಿಯುವವರೆಗೂ ಅವಳು ತರಗತಿಯಲ್ಲಿ ಪ್ರಶ್ನೆ ಕೇಳಲಿಲ್ಲ.