ಜಯಸಿಂಹರು ಕಲಸಿದ ನೆರಳು

ಜಯನಗರ ನಾಲ್ಕನೇ ಟಿ ಬ್ಲಾಕಿನ ಜಯಸಿಂಹರಿಗೆ ಬೇರೆಯವರ ಮಾತನ್ನು ಪೂರ್ತಿ ಕೇಳಿ ಅಭ್ಯಾಸವಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದಷ್ಟು ಕಾಲವೂ ಎದುರಿಗಿದ್ದವರ ಅರ್ಧ ವಾಕ್ಯಕ್ಕೇ "ಗೊತ್ತಾಯ್ತು, ಹೋಗಿ" ಎನ್ನುತ್ತಿದ್ದರು. ತೊಂಬತ್ತೆಂಟನೇ ಇಸವಿಯಲ್ಲಿ ನಿವೃತ್ತರಾದ ಮೇಲೆ ಹಾಗೆ ಹೇಳಲು ಹೆಂಡತಿ ಪಂಕಜಾ ಒಬ್ಬರೇ ಉಳಿದರು. ಆಕೆ ಹೋಗುತ್ತಿರಲಿಲ್ಲ.

ಬೇಸರ ಕಳೆಯಲು ಒಂದು ಭಾನುವಾರ ಅವರು ಬಡಾವಣೆಯ ಸಭಾಂಗಣದಲ್ಲಿ ನಡೆಯುತ್ತಿದ್ದ ಹವ್ಯಾಸಗಳ ಪ್ರದರ್ಶನಕ್ಕೆ ಹೋದರು. ಸೈನ್ಯದಿಂದ ನಿವೃತ್ತರಾದ ಚಲುವರಾಜು ಎಂಬುವರು ಹೆಬ್ಬೆರಳೆತ್ತರದ ಸಿಪಾಯಿ ಗೊಂಬೆಗಳಿಗೆ ಬಣ್ಣ ಹಚ್ಚಿ ಸಾಲಾಗಿ ನಿಲ್ಲಿಸಿದ್ದರು. ಅಂಗಿಯ ಮಡಿಕೆಯಲ್ಲಿ ನೆರಳು, ಮೀಸೆಯ ಕೆಳಗೂ ನೆರಳು. ಜಯಸಿಂಹರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇದಕ್ಕೆ ವಾಶ್ ಅಂತೀವಿ ಸಾರ್," ಎಂದರು ಚಲುವರಾಜು. "ಇಂಕಿಗೆ ಚೂರು ಪೇಂಟ್ ಹಾಕಿ, ತೆಳ್ಳಗೆ ಕಲಸಿ, ಗೊಂಬೆ ಮೇಲೆ ಹರಿಸೋದು. ಸಂದಿಗೊಂದೀಲಿ ಹೋಗಿ ನಿಲ್ಲುತ್ತೆ. ಆದ್ರೆ ಇಂಕು ಮಾತ್ರ ಒಣಗಿದ್ಮೇಲೆ ನೀರಿಗೆ ಬಿಡದೇ ಇರೋವಂಥ..."

"ಗೊತ್ತಾಯ್ತು," ಎಂದು ಜಯಸಿಂಹರು ಆಗಲೇ ಬಾಗಿಲು ದಾಟಿದ್ದರು. ಮನೆಯಲ್ಲಿ ಫೌಂಟನ್ ಪೆನ್ನಿನ ಕಪ್ಪು ಶಾಯಿಯ ಬಾಟಲುಗಳಿದ್ದವು. ಸೇವೆಯನ್ನು ಮೆಚ್ಚಿ ಕಚೇರಿ ಕೊಡಬೇಕಾಗಿದ್ದ ಉಡುಗೊರೆಯೆಂದು ತಾವೇ ತೀರ್ಮಾನಿಸಿ ತಾವೇ ತಂದುಕೊಂಡಿದ್ದವು.

ಗಾಂಧಿ ಬಜಾರಿನಿಂದ ಸಿಪಾಯಿ, ಆನೆಗಳ ಪುಟ್ಟ ಮಣ್ಣಿನ ಗೊಂಬೆಗಳು ಬಂದವು. ಅಡುಗೆಮನೆಯ ಕಾಫಿ ಲೋಟಗಳು ಕಣ್ಮರೆಯಾದವು. ಮೊದಲ ವಾಶ್ ಗಟ್ಟಿಯಾಗಿ, ಸಿಪಾಯಿಗಳು ಇದ್ದಿಲು ಮೂಟೆ ಹೊತ್ತವರಂತಾದರು. ಹರಿಯಲೆಂದು ಪಾತ್ರೆ ತೊಳೆಯುವ ಸೋಪಿನ ನೀರು ಸುರಿದರು. ಗುಳ್ಳೆಯೆದ್ದು ಒಣಗಿ ಇಡೀ ಪಡೆಗೆ ಸಿಡುಬು ಬಂದಂತಾಯಿತು. ಆಮೇಲೆ ಒಂದು ಮಧ್ಯಾಹ್ನ ಕಂದು ಪೇಂಟು, ಶಾಯಿ, ಧಾರಾಳ ನೀರು, ಸೋಪಿನ ಒಂದೇ ತೊಟ್ಟು ಕೂಡಿಸಿ ಪುಟ್ಟ ಆನೆಯೊಂದರ ಬೆನ್ನ ಮೇಲೆ ಬಿಟ್ಟರು. ನೀರು ತಾನಾಗಿ ಇಳಿದು ಸೊಂಡಿಲಿನ ಸುಕ್ಕುಗಳಲ್ಲಿ ಕೂತಿತು. ಆನೆ ಈಗಷ್ಟೇ ಕೆರೆಯಿಂದೆದ್ದು ಬಂದ ಹಾಗಿತ್ತು. ಜಯಸಿಂಹರು ಪಂಕಜಾರನ್ನು ಕೂಗಿ ಕರೆದರು.

"ಚೆನ್ನಾಗಿದೆ ಕಣ್ರೀ," ಎಂದುಬಿಟ್ಟರು ಪಂಕಜಾ. ಈ ತಪ್ಪಿಗೆ ಆಕೆ ಮುಂದೆ ಬಹಳ ಅನುಭವಿಸಿದರು.

ಮಾರನೆಯ ದಿನದಿಂದ ಪಾರ್ಕಿನಲ್ಲಿ ವಾಕಿಂಗ್ ಬಂದವರಿಗೆಲ್ಲ ಉಪನ್ಯಾಸ. "ನೆರಳಿಲ್ಲದ ಬಣ್ಣ ಶುದ್ಧ ಸುಳ್ಳು ಕಣ್ರೀ!" ಪಕ್ಕದ ಮನೆಯ ಹಂಸಾ ನವರಾತ್ರಿಗೆಂದು ಜೋಡಿಸುತ್ತಿದ್ದ ದಶಾವತಾರದ ಗೊಂಬೆಗಳನ್ನು ನೋಡಿ, "ಏನಮ್ಮಾ, ದೇವರುಗಳೆಲ್ಲ ಟ್ಯೂಬ್‌ಲೈಟ್ ನುಂಗಿದಂಗಿದ್ದಾರಲ್ಲ," ಎಂದು ಬಂದರು. ಹಂಸಾ ನಕ್ಕರು; ಮರೆಯಲಿಲ್ಲ.

ಆ ವರ್ಷ ನಿವಾಸಿಗಳ ಸಂಘ ಗೊಂಬೆ ಸ್ಪರ್ಧೆ ಇಟ್ಟಿತ್ತು. ಜಯಸಿಂಹರು ಇಡೀ ಜಂಬೂಸವಾರಿಯನ್ನೇ ಶಾಯಿಯಲ್ಲಿ ಮೀಯಿಸಿದರು. ಪಂಕಜಾ ಬನಶಂಕರಿ ಗುಡಿಗೆ ಹೋಗಿದ್ದ ಹೊತ್ತು ನೋಡಿ ಪಟ್ಟದ ಗೊಂಬೆಗಳನ್ನೂ ಬಿಡಲಿಲ್ಲ. ಮದುವೆಯಲ್ಲಿ ಆಕೆಯ ತಾಯಿ ಕೊಟ್ಟಿದ್ದ ಮರದ ರಾಜರಾಣಿಯರು ಅವು.

ಹಿಂದಿರುಗಿದ ಪಂಕಜಾ ಕುಂಕುಮದ ಪೊಟ್ಟಣ ಹಿಡಿದುಕೊಂಡೇ ನಿಂತರು. "ನಮ್ಮಮ್ಮನ ರಾಜ, ರಾಣಿ! ಬೊಮ್ಮನಹಳ್ಳಿ ಫ್ಯಾಕ್ಟ್ರೀಲಿ ಡಬಲ್ ಶಿಫ್ಟ್ ಮುಗಿಸ್ಕೊಂಡ್ ಬಂದಂಗಿದ್ದಾರೆ."

"ನಿನಗೆ ಶೇಡಿಂಗ್ ಅರ್ಥ ಆಗಲ್ಲ."

ಆಕೆ ಪೊಟ್ಟಣ ಕೆಳಗಿಟ್ಟರು. ರಾಣಿಯ ಮುಖವನ್ನು ಗೋಡೆಗೆ ತಿರುಗಿಸಿಟ್ಟರು.

ಸ್ಪರ್ಧೆಯ ಸಂಜೆ ಜೋರು ಮಳೆ, ಜೊತೆಗೆ ಕರೆಂಟಿಲ್ಲ. ಗೊಂಬೆ ನೋಡಲು ಜಯಸಿಂಹರ ಮನೆಗೆ ಬಂದ ಹೆಂಗಸರೆಲ್ಲ ಸೆಖೆಯಲ್ಲಿ ಬೇಯುತ್ತ ನಿಂತಿದ್ದರು. ತೀರ್ಪುಗಾರರು ಸಂಘದ ಅಧ್ಯಕ್ಷ ರಾಮಪ್ರಸಾದ್. ಹಲವು ಕಲಾಪ್ರದರ್ಶನಗಳಲ್ಲಿ ಟೇಪು ಕತ್ತರಿಸಿದ್ದರಿಂದ ಕಲೆಯೂ ತಮಗೆ ತಿಳಿದಿದೆಯೆಂದು ನಂಬಿದ್ದವರು. ಬೆವರಿದ ಕೈಯಲ್ಲಿ ಆನೆಯನ್ನೆತ್ತಿ, ಮೇಣದ ಬತ್ತಿಯ ಬೆಳಕಿಗೆ ಹಿಡಿದು, ಸವರಿ ಸವರಿ ನೋಡಿದರು. "ಅದ್ಭುತ! ಎಂಥಾ ಡೆಪ್ತು ರೀ!" ಎಂದು, ಅದೇ ಕೈಯಿಂದ ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ಕೆನ್ನೆ. ಆಮೇಲೆ ಮೂಗು.

ಅಷ್ಟರಲ್ಲಿ ಕರೆಂಟು ಬಂತು.

ಎಲ್ಲರ ಕಣ್ಣೂ ಅಧ್ಯಕ್ಷರ ಕಪ್ಪಾದ ಮುಖದ ಮೇಲೆ ನಿಂತಿತು. ಹಂಸಾ ಬಹಳ ವಿನಯದಿಂದ ಅಂದರು: "ಸಾರ್, ನಿಮಗೂ ಶೇಡಿಂಗ್ ಆಗಿದೆ."

ನಗು ಬೀದಿಗೂ ಕೇಳಿಸಿತು. ಪಂಕಜಾ ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದರು. ರಾಮಪ್ರಸಾದರು ಕನ್ನಡಿ ನೋಡಿಕೊಂಡು ಬಂದು ಬಹುಮಾನವನ್ನು ಹಂಸಾರ ಟ್ಯೂಬ್‌ಲೈಟ್ ದೇವರುಗಳಿಗೆ ಘೋಷಿಸಿದರು. "ಇಂಕ್ ಕಂಪನಿಯವರದ್ದು ಮೋಸ," ಎಂದು ಜಯಸಿಂಹರು ಸಿಕ್ಕವರಿಗೆಲ್ಲ ವಿವರಿಸಿದರು. ಯಾರೂ ಪೂರ್ತಿ ಕೇಳಲಿಲ್ಲ.

ಬೆಳಗ್ಗೆ ಪಂಕಜಾ ಒದ್ದೆ ಬಟ್ಟೆ ಹಿಡಿದು ಹಿತ್ತಿಲ ಕಟ್ಟೆಯ ಮೇಲೆ ಕೂತು ರಾಜರಾಣಿಯರನ್ನು ಒರೆಸಿದರು. ಕೆನ್ನೆ, ತೋಳು, ಕಿರೀಟದ ಕಪ್ಪೆಲ್ಲ ಹೋಯಿತು. ಸೀರೆಯ ನಿರಿಗೆಗಳ ಆಳದಲ್ಲಿ, ರಾಜನ ಮೀಸೆಯ ಗೀರುಗಳಲ್ಲಿ ಕೂದಲೆಳೆಯಷ್ಟು ಉಳಿಯಿತು. ಇಷ್ಟು ವರ್ಷ ನೋಡಿದ ಗೊಂಬೆಯಲ್ಲಿ ಇಷ್ಟೊಂದು ಕೆತ್ತನೆಯಿತ್ತೆಂದು ಆಕೆಗೇ ಗೊತ್ತಿರಲಿಲ್ಲ. ಬಟ್ಟೆ ಕೆಳಗಿಟ್ಟು ನೋಡುತ್ತ ಕೂತರು.

ಹಿಂದೆ ಬಂದು ನಿಂತ ಜಯಸಿಂಹರು ಬಾಯಿ ತೆರೆದರು.

"ಒಂದೇ ಒಂದು ಮಾತಾಡಿದ್ರೂ ಇಂಕ್ ಬಾಟ್ಲೆಲ್ಲಾ ಮೋರಿಗೆ ಹಾಕ್ತೀನಿ," ಎಂದರು ಪಂಕಜಾ, ತಿರುಗದೆಯೇ.

ಜಯಸಿಂಹರು ಬಾಯಿ ಮುಚ್ಚಿಕೊಂಡು ಪಾರ್ಕಿಗೆ ಹೋದರು. ಅಲ್ಲಿ ಮೊದಲು ಸಿಕ್ಕವರನ್ನೇ ಬೆಂಚಿನ ಮೇಲೆ ಕೂರಿಸಿ, ವಾಶ್‌ನಲ್ಲಿ ಒರೆಸುವುದೇ ಮುಖ್ಯ ಘಟ್ಟವೆಂದೂ, ಅದನ್ನು ತಾವು ಬೇಕೆಂದೇ ಬಾಕಿಯಿಟ್ಟಿದ್ದರೆಂದೂ, ಈಗ ಮನೆಯಾಕೆಗೂ ಕಲಿಸಿರುವುದಾಗಿಯೂ ತಿಳಿಸಿದರು.